ಮೂರು ಎಂದರೆ ಮುಚ್ಚುವ ಕಣ್ಣು

ಸಿಂಹ ಎದುರಿಗೆ ಬಂದು ನಿಂತರೂ ನಾನು ಎವೆಯಿಕ್ಕುವವನಲ್ಲ, ಇನ್ನು ಒಂದು ಕ್ಯಾಮೆರಾ ಯಾವ ಲೆಕ್ಕ! ಸೋಮವಾರ ಬೆಳಿಗ್ಗೆ ನಾನು ಹೀಗೆಂದು ಘೋಷಿಸಿದಾಗ ನನ್ನ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ಸಿಂಹ 'ಸ್ವಲ್ಪ ನಗಿ ಸರ್' ಅನ್ನಲ್ವಲ್ಲ" ಎಂದಳು.

ನನ್ನ ಅಳುಕಿಗೆ ಇತಿಹಾಸವಿದೆ. ಮೂವತ್ತನಾಲ್ಕು ವರ್ಷ ಒಂದೇ ಶಾಲೆಯಲ್ಲಿ ಪಾಠ ಹೇಳಿದೆ. ವರ್ಷಕ್ಕೊಂದರಂತೆ ಮಕ್ಕಳೊಡನೆ ಮೂವತ್ತನಾಲ್ಕು ಫೋಟೋ ತೆಗೆಸಿಕೊಂಡೆ. ಒಂದರಲ್ಲಾದರೂ ನನ್ನ ಕಣ್ಣು ತೆರೆದಿಲ್ಲ! ಸುತ್ತ ನಲವತ್ತು ಮಕ್ಕಳು ಕಣ್ಣರಳಿಸಿ ನಿಂತಿದ್ದರೆ ನಡುವೆ ನಾನೊಬ್ಬ ತಪೋನಿರತ. ಆಮೇಲಾಮೇಲೆ ಕ್ಯಾಮೆರಾ ಕಂಡರೆ ಸಾಕು, ಮರೆಯಾಗಲು ಜಾಗ ಹುಡುಕುತ್ತಿದ್ದೆ. ಮಗಳ ಮದುವೆಯ ಫೋಟೋಗಳಲ್ಲಿ ನನ್ನನ್ನು ಹುಡುಕುವವರಿಗೆ ಕಂಬದ ಹಿಂದೆ ಒಂದು ಮೊಣಕೈ ಸಿಕ್ಕೀತು.

ಈ ಸಲ ಮಾತ್ರ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಶಾಲೆಯ ಈಗಿನ ಮುಖ್ಯೋಪಾಧ್ಯಾಯಿನಿ ದೂರವಾಣಿ ಮಾಡಿದ್ದರು.

"ಮೇಷ್ಟ್ರೇ, ನಿಮ್ಮ ಆ ಮೇಜು ಇನ್ನೂ ಇದೆ. ಆದ್ರೆ ಮಕ್ಕಳು ಅದರ ಹತ್ರ ಸುಳೀತಿಲ್ಲ. ಅದನ್ನ ತೆಗೆದು ಅಲ್ಲಿ ಬೀರು ಇಡಿ ಅಂತ ಆಡಳಿತ ಮಂಡಳಿಯವರು ಕೂತಿದ್ದಾರೆ. ಅದರ ಮೇಲಿನ ಗೋಡೆಗೆ ನಿಮ್ಮದೊಂದು ಒಳ್ಳೆ ಫೋಟೋ ಹಾಕಿದ್ರೆ ಮಕ್ಕಳು ಬರ್ತಾರೆ, ಮೇಜೂ ಉಳಿಯುತ್ತೇನೋ."

ಆ ಮೇಜಿನ ಸಂಗತಿ ಇಷ್ಟೆ. ತರಗತಿಯಲ್ಲಿ ಯಾರದಾದರೂ ವಸ್ತು ಕಾಣೆಯಾದರೆ ನಾನು ಯಾರ ಚೀಲವನ್ನೂ ಜಾಲಾಡಿದವನಲ್ಲ. ಮಕ್ಕಳಿಗೆಲ್ಲ ತಲೆ ತಗ್ಗಿಸಿ ಕಣ್ಣು ಮುಚ್ಚಲು ಹೇಳಿ, "ಒಂದು, ಎರಡು, ಮೂರು" ಎಂದು ಎಣಿಸಿ ನಾನೂ ಕಣ್ಣು ಮುಚ್ಚುತ್ತಿದ್ದೆ. ತೆಗೆದುಕೊಂಡವರು ಬಂದು ಮೇಜಿನ ಮೇಲಿಟ್ಟು ಹೋಗಬೇಕು. ಹೆಸರು ಕೇಳುವುದಿಲ್ಲ, ಬೈಯುವುದಿಲ್ಲ. ಪುಟ್ಟ ಹೆಜ್ಜೆಯ ಸಪ್ಪಳ ಕೇಳುತ್ತಿತ್ತು. ಅದು ಯಾರ ಹೆಜ್ಜೆಯೆಂದು ಎಷ್ಟೋ ಸಲ ಗೊತ್ತಾಗುತ್ತಿತ್ತು. ಕಣ್ಣು ತೆರೆಯುವುದರೊಳಗೆ ಮರೆತುಬಿಡುತ್ತಿದ್ದೆ. ನಾನು ಕಲಿಸಿದ ಪಾಠಗಳಲ್ಲಿ ಉಳಿಯಬೇಕಾದದ್ದು ಯಾವುದಾದರೂ ಇದ್ದರೆ ಅದೊಂದೇ. ಅದರ ಜಾಗದಲ್ಲಿ ಬೀರುವೇ!

ಎವೆಯಿಕ್ಕದಿರುವ ಸಾಧನೆಗೆ ಅಂದೇ ತೊಡಗಿದೆ. ಹಾಲು ನೋಡಿಕೊಳ್ಳಿ ಎಂದರೆ ಹಾಲನ್ನೇ ಎವೆಯಿಕ್ಕದೆ ನೋಡಿದೆ. ಅದು ಉಕ್ಕಿ ಹರಿಯುವುದನ್ನೂ ಹಾಗೆಯೇ ನೋಡಿದೆ. ಅಂಚೆಯವನನ್ನು ದಿಟ್ಟಿಸಿದ್ದಕ್ಕೆ ಅವನು ಕಾಗದ ಕೊಟ್ಟು, "ತಡ ಆಗಿದ್ದು ನನ್ನಿಂದಲ್ಲ ಸರ್" ಎಂದು ಹಿಂದೆ ಹಿಂದೆ ನಡೆದ. ಪಕ್ಕದ ಮನೆಯಾಕೆ ಎರಡು ದಿನ ನಮ್ಮ ಕಡೆಯ ಕಿಟಕಿಯನ್ನೇ ತೆರೆಯಲಿಲ್ಲ.

ಶನಿವಾರ ಸ್ಟುಡಿಯೋಕ್ಕೆ ದಂಡಯಾತ್ರೆ! ಬೂದು ಪರದೆ, ಕೊಡೆಯಂಥ ದೀಪ, ಬೆನ್ನಿಲ್ಲದ ಎತ್ತರದ ಸ್ಟೂಲು. ಫೋಟೋ ತೆಗೆಯುವ ಹೆಣ್ಣುಮಗಳು ತುಂಬ ಸೌಮ್ಯೆ.

"ಗಲ್ಲ ಸ್ವಲ್ಪ ಕೆಳಗೆ ಸರ್. ಭುಜ ಸಡಿಲ ಬಿಡಿ. ಕತ್ತು ಎಡಕ್ಕೆ. ನಿಮ್ಮ ಎಡ ಅಲ್ಲ, ನನ್ನ ಎಡ. ಹಾಂ, ಈಗ ಸಹಜವಾಗಿರಿ."

ಇಷ್ಟೆಲ್ಲ ತಿರುಚಿದ ಮೇಲೆ ಸಹಜವಾಗಿರುವುದು ಹೇಗೋ ತಿಳಿಯದೆ ಕುಳಿತೆ. "ಒಂದು, ಎರಡು, ಮೂರು!" ಕಣ್ಣು ಮುಚ್ಚಿತು. ಮತ್ತೆ ಎಣಿಸಿದಳು, ಮತ್ತೆ ಮುಚ್ಚಿತು. ಹೀಗೆ ಹನ್ನೊಂದು ಸಲ.

"ಅರ್ಧ ಕೂಡ ಅಲ್ಲ ಸರ್, ಹನ್ನೊಂದರಲ್ಲೂ ಪೂರ್ತಿ ಮುಚ್ಚಿದೆ" ಎಂದು ಆಕೆ ಕಂಗಾಲಾದಳು.

ಮೂಲೆಯಲ್ಲಿ ಕುಳಿತಿದ್ದ ನನ್ನ ಹೆಂಡತಿಗೆ ಆಗ ಜ್ಞಾನೋದಯವಾಯಿತು. "ಅಯ್ಯೋ ತಾಯಿ, ನೀನು ಮೂರು ಅನ್ನಬೇಡ! ಮೂವತ್ತನಾಲ್ಕು ವರ್ಷ ಮೂರು ಅಂದು ಕಣ್ಣು ಮುಚ್ಚಿದವರು ಇವರು. ಸಂಬಳ ತಗೊಂಡು ಮಾಡಿಕೊಂಡ ಅಭ್ಯಾಸ, ಬಿಟ್ಟಿ ಬಿಡುತ್ತಾ?"

ಹೆಣ್ಣುಮಗಳು ಒಂದು ಕ್ಷಣ ಯೋಚಿಸಿದಳು. "ಸರಿ ಸರ್. ಒಂದು, ಎರಡು, ನಾಲ್ಕು..."

"ಮೂರು ಎಲ್ಲಿ ಹೋಯ್ತು?" ಎಂದು ತೋರುಬೆರಳೆತ್ತಿ ಗುಡುಗಿದೆ. ಕ್ಲಿಕ್!

ಕಣ್ಣು ತೆರೆದಿತ್ತು! ಒಂದಲ್ಲ, ಎರಡೂ! ಬೀಗಿ ಬಿರಿದು, ಫೋಟೋವನ್ನು ಶಾಲೆಗೆ ಕಳುಹಿಸಿಕೊಟ್ಟೆ.

ಎಂಟು ದಿನ ಕಳೆದ ಮೇಲೆ ಮುಖ್ಯೋಪಾಧ್ಯಾಯಿನಿಯವರ ಕರೆ. ದನಿಯಲ್ಲಿ ಸಂಕೋಚ.

"ಮೇಷ್ಟ್ರೇ, ಫೋಟೋ ಏನೋ ಜೀವಂತವಾಗಿದೆ. ಅದೇ ತೊಂದರೆ. ನೀವು ಬೆರಳೆತ್ತಿ ನೋಡ್ತಾ ಇದ್ರೆ ಮೇಜಿನ ಹತ್ರ ಯಾವ ಮಗು ಬರುತ್ತೆ? ಬಂದಿದ್ದು ಒಂದೇ ಒಂದು. ಎರಡನೇ ತರಗತಿಯ ಮಗು ತನ್ನದೇ ರಬ್ಬರ್ ತಂದಿಟ್ಟು ಅತ್ತುಬಿಡ್ತು! ಗುರುವಾರ ಬೀರು ಬರುತ್ತೆ. ಕಣ್ಣು ಮುಚ್ಚಿರೋ ಫೋಟೋ ಏನಾದ್ರೂ ಇದ್ಯಾ? ಹಳೇ ಗುಂಪು ಫೋಟೋ ದೊಡ್ಡದು ಮಾಡಿಸಿದ್ರೆ ಬರೀ ಚುಕ್ಕೆ ಕಾಣುತ್ತೆ."

ಸ್ಟುಡಿಯೋಕ್ಕೆ ಓಡಿದೆವು. ಆ ಹನ್ನೊಂದನ್ನೂ ಅಳಿಸಿಹಾಕಿದ್ದರು. ಚಿಂತೆಯಿಲ್ಲ, ಕಣ್ಣು ಮುಚ್ಚುವುದರಲ್ಲಿ ನನ್ನನ್ನು ಮೀರಿಸುವವರುಂಟೆ! ಸ್ಟೂಲನ್ನೇರಿದೆ.

"ಒಂದು, ಎರಡು, ಮೂರು!"

ಕಣ್ಣು ಮುಚ್ಚಲಿಲ್ಲ! ಗೂಬೆಯ ಕಣ್ಣಿನಂತೆ ಅಗಲವಾಗಿ ತೆರೆದೇ ಇತ್ತು. ಹಿಂದಿನ ವಾರದ ಸಾಧನೆ ಆಗ ಫಲ ಕೊಟ್ಟಿತು. ಬಲವಂತದಿಂದ ಮುಚ್ಚಿದರೆ ಕಹಿ ಔಷಧಿ ನುಂಗುವ ಮುಖ ಬಂತು.

ಹೆಂಡತಿ ಹತ್ತಿರ ಬಂದು ನನ್ನ ಕೋಟಿನ ಕಾಲರು ಸರಿಪಡಿಸಿದಳು. "ರೀ, ಆವಾಗ ಯಾರಾದ್ರೂ ಬಂದು ಇಟ್ಟು ಹೋಗಲಿ ಅಂತ ಮುಚ್ತಿದ್ರಿ. ಈಗ ನಾನು ಹೇಗೆ ಕಾಣ್ತೀನೋ ಅಂತ ಮುಚ್ತಿದ್ದೀರಿ. ಅದಕ್ಕೇ ಆಗ್ತಿಲ್ಲ" ಎಂದು ಮೆಲ್ಲಗೆ ಹೇಳಿದಳು.

ಅಷ್ಟರಲ್ಲಿ ಕೈಗೂಸಿನ ಫೋಟೋ ತೆಗೆಸಲು ಒಂದು ಸಂಸಾರ ಬಂತು. ಅವರದು ಮುಗಿಯಲೆಂದು ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಹೆಂಡತಿಯ ಮಾತನ್ನೇ ಮೆಲುಕು ಹಾಕತೊಡಗಿದೆ. ಆ ಮಾತು ನಿಜವಾಗಿತ್ತು. ಕ್ಯಾಮೆರಾಕ್ಕೆ ಹೆದರಿದ ಇಷ್ಟು ವರ್ಷವೂ ನಾನು ಹೆದರಿದ್ದು ನನ್ನ ಮುಖಕ್ಕೇ. ಯೋಚನೆ ಅಲ್ಲಿಗೆ ಬಂದು ನಿಂತದ್ದು ನೆನಪಿದೆ. ಮುಂದಿನದು ನೆನಪಿಲ್ಲ. ಎಚ್ಚರವಾದಾಗ ಕೂಸಿನವರು ಹೊರಟುಹೋಗಿದ್ದರು. ನನ್ನ ಹೆಂಡತಿಯೂ ಆ ಹೆಣ್ಣುಮಗಳೂ ಕ್ಯಾಮೆರಾ ನೋಡಿಕೊಂಡು ಸದ್ದಿಲ್ಲದೆ ನಗುತ್ತಿದ್ದರು.

ಬುಧವಾರ ಫೋಟೋ ಗೋಡೆಯೇರಿತು. ಶುಕ್ರವಾರ ಕರೆ ಬಂತು.

"ಮೇಷ್ಟ್ರೇ, ಎರಡು ಪೆನ್ಸಿಲ್, ಒಂದು ಕಂಪಾಸ್ ಪೆಟ್ಟಿಗೆ, ಯಾರದೋ ಕೈಗಡಿಯಾರ! ಬೀರು ಮಹಡಿ ಮೇಲೆ ಹೋಯ್ತು. ಆ ಮುಖದಲ್ಲಿ ಎಂಥಾ ಶಾಂತಿ! ಮಕ್ಕಳನ್ನ ಪೂರ್ತಿ ನಂಬಿ ಕೂತ ಹಾಗಿದೆ. ಅದು ಹೇಗೆ ಬಂತು?"

ನಾನು ಗಂಟಲು ಸರಿಪಡಿಸಿಕೊಂಡೆ. ಮೂವತ್ತನಾಲ್ಕು ವರ್ಷಗಳ ಮನಃಸಂಯಮದ ಬಗ್ಗೆ ನಾಲ್ಕು ಮಾತು ಆಡಬೇಕೆನ್ನುವಷ್ಟರಲ್ಲಿ ಹೆಂಡತಿ ಫೋನನ್ನು ಕಸಿದುಕೊಂಡಳು.

"ಫೋಟೋದಲ್ಲಿ ಗೊರಕೆ ಕೇಳಿಸಲ್ಲ ನೋಡಿ ಮೇಡಂ, ಹಾಗೆ ಬಂತು!"