ಮೇಯರ್ ಸತ್ತ ಶನಿವಾರ

ಆ ಶನಿವಾರ ಬೆಳಿಗ್ಗೆ ಡಾಟ್ ಹ್ಯಾನಿಗನ್‌ಳ ಕಾರು ಸ್ಟಾರ್ಟ್ ಆಗಿದ್ದರೆ ಈ ರಾದ್ಧಾಂತವೇ ಇರುತ್ತಿರಲಿಲ್ಲ. ಭೂಮಿಯ ಈ ದಕ್ಷಿಣ ಬದಿಯಲ್ಲಿ ಜುಲೈ ಅಂದರೆ ನಡುಚಳಿಗಾಲ; ಆ ಚಳಿಗೆ ಬ್ಯಾಟರಿ ಕೂತುಬಿಟ್ಟಿತ್ತು. ಅವತ್ತು ಊರಿನ ಫುಟ್‌ಬಾಲ್ ಪಂದ್ಯ, ಮೈದಾನದ ಕ್ಯಾಂಟೀನಿಗೆ ಡಾಟಳೇ ಯಜಮಾನಿ. ಪಕ್ಕದ ಮನೆಯ ಲೆಸ್ ಪಾಸ್ಕೋ ಹತ್ತಿರ ಬ್ಯಾಟರಿಗೆ ಹಚ್ಚುವ ವೈರು ಇರಬಹುದೆಂದು ಬೇಲಿಯ ಗೇಟು ದಾಟಿ, ಬಾಗಿಲು ತಟ್ಟುವ ಗೋಜಿಗೂ ಹೋಗದೆ ಸೀದಾ ಅವನ ಅಡುಗೆಮನೆಗೆ ನುಗ್ಗಿದಳು.

ಅಲ್ಲಿ ಮೇಜಿನ ಮೇಲೆ, ತರಕಾರಿ ತೂಗುವ ತಕ್ಕಡಿಯಲ್ಲಿ, ಮೇಯರ್ ಮಲಗಿದ್ದ.

ಮೇಯರ್ ಅಂದರೆ ಲೆಸ್ ಸಾಕಿದ ಗಡ್ಡದ ಓತಿ. ನಮ್ಮ ಕಡೆ ಬೇಲಿಗೂಟಗಳ ಮೇಲೆ ಬಿಸಿಲು ಕಾಯಿಸುತ್ತ ಕೂತಿರುತ್ತವಲ್ಲ, ಅದೇ ಜಾತಿ. ಮೊದಲು ಅದನ್ನು ನಮ್ಮೂರು ಬೂರ್ಕಾದ ಶಾಲೆಯ ಮಕ್ಕಳು ಸಾಕಿದ್ದರು. ಜನ ಕಂಡರೆ ಮುಂಗಾಲು ಎತ್ತಿ ನಿಧಾನಕ್ಕೆ ಬೀಸುತ್ತಿದ್ದುದಕ್ಕೆ ಆ ಹೆಸರು. ಆರು ವರ್ಷದ ಹಿಂದೆ ಮಕ್ಕಳು ಸಾಲದೆ ಶಾಲೆ ಮುಚ್ಚಿತು. ಬೆಂಚುಗಳನ್ನು ಒಬ್ಬರು ಒಯ್ದರು, ಗಂಟೆಯನ್ನು ಇನ್ನೊಬ್ಬರು ಒಯ್ದರು, ಮೇಯರನನ್ನು ಶಾಲೆಯ ಜವಾನ ಲೆಸ್ ಒಯ್ದ. ಈಗ ಮೇಯರನಿಗೆ ಹದಿಮೂರು. ಓತಿಗಳ ಲೆಕ್ಕದಲ್ಲಿ ಹಣ್ಣು ಹಣ್ಣು ಮುದುಕ. ಒಂದು ಕಣ್ಣಿಗೆ ಪೊರೆ, ಹಿಂಗಾಲಿಗೆ ಕೀಲುನೋವು. ಲೆಸ್ ಅವನಿಗೆ ಕುಂಬಳಕಾಯಿ ತುರಿದು ತಿನ್ನಿಸುತ್ತಿದ್ದ, ಬೋಗುಣಿಯಲ್ಲಿ ಬೆಚ್ಚನೆ ನೀರು ಹಾಕಿ ಕಾಲು ನೆನೆಸುತ್ತಿದ್ದ, ದಿನಾ ಪೇಪರ್ ಓದಿ ಹೇಳುತ್ತಿದ್ದ. ಎಪ್ಪತ್ತೊಂದರ ಒಂಟಿ ಗಂಡಸಿಗೆ ಮಾತಿಗೆ ಬೇರೆ ಯಾರಿದ್ದಾರೆ?

ಚಳಿಗಾಲದಲ್ಲಿ ಅದಕ್ಕೂ ಸಂಚಕಾರ. ಜೂನ್ ಬಂತೆಂದರೆ ಮೇಯರ್ ಊಟ ಬಿಟ್ಟು, ತನ್ನ ಗಾಜಿನ ಪೆಟ್ಟಿಗೆಯ ಮರದ ತುಂಡಿನಡಿ ಸೇರಿ, ಮೂರು ತಿಂಗಳು ನಿದ್ದೆ ಹೋಗುತ್ತಿದ್ದ. ಆ ಜಾತಿಯ ರೀತಿಯೇ ಅದು. ದೀಪ ಆರಿಸಿಡಿ, ವಾರಕ್ಕೊಮ್ಮೆ ತೂಕ ನೋಡಿ, ಮತ್ತೇನೂ ಬೇಡ ಎಂದು ಪ್ರಾಣಿವೈದ್ಯೆ ಹೇಳಿದ್ದಳು. ಶನಿವಾರ ತೂಗುವ ದಿನ. ಚಳಿಗಾಲದಲ್ಲಿ ಓತಿಗಳು ಕಾಣುವುದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತು. ಕಾಣದಿದ್ದಾಗ ಹೇಗಿರುತ್ತವೆ ಅನ್ನುವುದು ಲೆಸ್ ಒಬ್ಬನಿಗೆ ಗೊತ್ತಿತ್ತು.

“ಅಯ್ಯೋ ದೇವರೇ!” ಡಾಟ್ ಬೆರಳಿನಿಂದ ಮುಟ್ಟಿ ನೋಡಿದಳು. “ತಣ್ಣಗೆ ಕೊರಡಾಗಿದ್ದಾನಲ್ಲೋ ಲೆಸ್! ಯಾವಾಗ ಹೋದ?”

“ಇಲ್ಲ ಡಾಟ್, ಅದೇನಂದ್ರೆ...”

“ಏನೂ ಹೇಳ್ಬೇಡ. ನೀನೀಗ ಏನೂ ಹೇಳ್ಬೇಡ,” ಎಂದು ಅವಳು ಅವನನ್ನು ಬಾಚಿ ತಬ್ಬಿಕೊಂಡಳು.

ಅವಳ ಸ್ವೆಟರಿನಲ್ಲಿ ಈರುಳ್ಳಿ ಹುರಿದ ವಾಸನೆಯಿತ್ತು. ಕ್ಷೌರದವನನ್ನು ಬಿಟ್ಟರೆ ಲೆಸ್‌ನನ್ನು ಒಬ್ಬ ಮನುಷ್ಯ ಮುಟ್ಟಿ ನಾಲ್ಕು ವರ್ಷವಾಗಿತ್ತು. ಮೇಯರ್ ನಿದ್ದೆ ಮಾಡುತ್ತಿದ್ದಾನೆ, ಅಷ್ಟೇ ಅನ್ನಬೇಕಿತ್ತು. ಇನ್ನೊಂದು ನಿಮಿಷ ಹೀಗೇ ಇರಲಿ, ಆಮೇಲೆ ಹೇಳೋಣ ಅಂದುಕೊಂಡ.

ಆ ನಿಮಿಷದಲ್ಲೇ ಕೆಟ್ಟಿತು. ಡಾಟ್ ಕಣ್ಣೊರೆಸಿಕೊಳ್ಳುತ್ತ ಕ್ಯಾಂಟೀನಿಗೆ ಫೋನ್ ಹಚ್ಚಿದಳು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅನ್ನುತ್ತಾರೆ. ಮೇಯರನ ಸಾವಿಗೆ ಡಾಟ್ ಸಾಕ್ಷಿ. ಅವಳು ಹೇಳಿದ ಮೇಲೆ ಬೂರ್ಕಾದಲ್ಲಿ ಅಪೀಲಿಲ್ಲ.

ನಮ್ಮೂರಲ್ಲಿ ಸಾವಿನ ಮನೆಗೆ ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ. ಹನ್ನೊಂದು ಗಂಟೆಗೆಲ್ಲ ಲೆಸ್‌ನ ಮೇಜಿನ ಮೇಲೆ ಕುರಿಮಾಂಸ ಬೇಯಿಸಿದ ಏಳು ಗಾಜಿನ ಪಾತ್ರೆಗಳಿದ್ದವು. ಪ್ರತಿಯೊಂದರ ತಳಕ್ಕೂ ಮನೆಯವರ ಹೆಸರು ಬರೆದ ಟೇಪು. ಒಂದು ನನ್ನ ಹೆಂಡತಿಯದು, ಸುಳ್ಳೇಕೆ ಹೇಳಲಿ. ಅವನ ಮನೆಯಲ್ಲಿದ್ದದ್ದು ಎರಡೇ ಕುರ್ಚಿ. ಬಂದವರು ಹಾಸಿಗೆಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತರು.

“ಕೊನೇಲಿ ನೋವು ತಿಂದ್ನಾ ಲೆಸ್?” ಎಂದು ಒಬ್ಬಳು ಕೇಳಿದಳು.

“ಇಲ್ಲ. ಮಲಗಿದ್ದ ಹಾಗೇ ಇದ್ದ,” ಅಂದ ಲೆಸ್. ಅದೇನೂ ಸುಳ್ಳಲ್ಲ.

“ಪುಣ್ಯಾತ್ಮ!” ಎಂದು ಎಲ್ಲರೂ ನಿಟ್ಟುಸಿರಿಟ್ಟರು.

ಟೀ ಆದ ಮೇಲೆ ಹೇಳಿಬಿಡಬೇಕು ಅಂದುಕೊಂಡ. ಟೀ ಆಯಿತು, ಇನ್ನೊಬ್ಬರು ಬಂದರು, ಇನ್ನೊಂದು ಟೀ ಆಯಿತು. ಜನ ಅವನ ಬೆನ್ನು ಸವರಿದರು, ನಿದ್ದೆ ಬರುತ್ತದೋ ಇಲ್ಲವೋ ವಿಚಾರಿಸಿದರು. ಲೆಸ್ ಮಾತಾಡಿದ. ಶಾಲೆಯ ನಲ್ಲಿ ಒಡೆದದ್ದು, ಹುಡುಗರು ಮೇಯರನನ್ನು ಹೆಡ್‌ಮಾಸ್ಟರ ಟೋಪಿಯೊಳಗೆ ಬಿಟ್ಟದ್ದು, ಎಲ್ಲ ಹೇಳಿದ. ಜನ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ! ಅವನಿಗೆ ಎಷ್ಟು ಸುಖವಾಯಿತೆಂದರೆ, ನಿಜ ಹೇಳುವ ಧೈರ್ಯ ಪೂರ್ತಿ ಹೋಯಿತು.

ಆಗ ಡ್ಯಾರಿಲ್ ಬಂದ. ಊರ ತಂಡದ ನಾಯಕ, ಬಾಗಿಲಿನಷ್ಟು ಅಗಲ, ಅದೇ ಶಾಲೆಯಲ್ಲಿ ಕಲಿತವನು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಕೈಯಲ್ಲಿ ತಾನೇ ಹೊಡೆದು ಮಾಡಿದ ಪುಟ್ಟ ಮರದ ಪೆಟ್ಟಿಗೆ.

“ಲೆಸ್, ಹಾಫ್‌ಟೈಮಲ್ಲಿ ಗೋಲ್ ಕಂಬದ ಹಿಂದೆ ಮಣ್ಣು ಮಾಡೋಣ. ಗುಂಡಿ ತೋಡಿದ್ದೀವಿ. ನಾವೆಲ್ಲ ತೋಳಿಗೆ ಕಪ್ಪು ಪಟ್ಟಿ ಕಟ್ಕೊಂಡು ಆಡ್ತೀವಿ. ನೀವು ಎರಡು ಮಾತಾಡ್ಬೇಕು.”

“ಅಷ್ಟೆಲ್ಲ ಯಾಕೆ ಮಗಾ? ಓತಿಗೆ...”

“ಓತಿ ಅನ್ಬೇಡಿ. ಒಂದನೇ ಕ್ಲಾಸಲ್ಲಿ ನಾನು ಓದೋಕೆ ಕಲ್ತಿದ್ದೇ ಅವನಿಗೆ ಓದಿ ಹೇಳ್ತಾ,” ಎಂದ ಡ್ಯಾರಿಲ್, ಮತ್ತೆ ಅತ್ತ.

ಲೆಸ್ ಎದ್ದು ನಿಂತ. “ನಾನೊಬ್ಬನೇ ಒಳಗಿಡ್ತೀನಿ,” ಎಂದು ಪೆಟ್ಟಿಗೆಯನ್ನೂ ಮೇಯರನನ್ನೂ ಎತ್ತಿಕೊಂಡು ಮಲಗುವ ಕೋಣೆ ಸೇರಿ ಚಿಲಕ ಹಾಕಿದ. ಅಡುಗೆಮನೆ ದಾಟುವಾಗ ಎತ್ತಿಕೊಂಡಿದ್ದ ಕುಂಬಳಕಾಯಿಯ ಹೋಳನ್ನು ಟವೆಲ್ಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದ. ಮೇಯರನನ್ನು ಮತ್ತೆ ಗೂಡಿಗೆ ಸೇರಿಸೋಣವೆಂದರೆ ಡಾಟ್ ಆಗಲೇ ಗಾಜಿನ ಪೆಟ್ಟಿಗೆ ತೊಳೆದು ಹಿತ್ತಲಲ್ಲಿ ಬೋರಲು ಹಾಕಿದ್ದಳು. “ಕಣ್ಮುಂದೆ ಇದ್ರೆ ನೆನಪು ಕಾಡುತ್ತೆ,” ಎಂದು ಬಾಗಿಲಾಚೆಯಿಂದ ಕೂಗಿದಳು. ಕಪಾಟು, ಮಂಚದಡಿ ಎಲ್ಲ ಗುಡಿಸಲು ಹೆಂಗಸರು ಪೊರಕೆ ಹಿಡಿದು ಬಾಗಿಲಾಚೆ ಕಾಯುತ್ತಿದ್ದರು. ಬೇರೆ ದಾರಿ ಕಾಣದೆ ಲೆಸ್ ಮೇಯರನನ್ನು ತನ್ನ ಶರ್ಟಿನೊಳಗೆ, ಹೊಟ್ಟೆಗೆ ಒತ್ತಿ ಇಟ್ಟುಕೊಂಡು, ಮೇಲೆ ಕೋಟಿನ ಗುಂಡಿ ಹಾಕಿಕೊಂಡ.

ನಮ್ಮ ಕಡೆಯ ಫುಟ್‌ಬಾಲಿನಲ್ಲಿ ಒಂದೊಂದು ಗೋಲಿಗೆ ಆರು ಅಂಕ. ಹಾಫ್‌ಟೈಮಿಗೆ ನಮ್ಮ ತಂಡ ನಲವತ್ತು ಅಂಕ ಹಿಂದಿತ್ತು. ಆದರೂ ಒಬ್ಬರೂ ಬಿಯರ್ ತರಲು ಹೋಗಲಿಲ್ಲ. ಊರಿಗೆ ಊರೇ ಗೋಲ್ ಕಂಬದ ಹಿಂದೆ ಟೋಪಿ ತೆಗೆದು ನಿಂತಿತು. ಎದುರಾಳಿ ತಂಡದವರೂ ಕೈಕಟ್ಟಿ ನಿಂತರು. ಪೆಟ್ಟಿಗೆ ಗುಂಡಿಗೆ ಇಳಿಯಿತು.

ಲೆಸ್ ಮಾತಾಡಲು ನಿಂತ. “ಅವನು ನನ್ನ ಮಾತು ಕೇಳ್ತಿದ್ದ,” ಅಂದ. ಮುಂದೆ ಏನು ಹೇಳುವುದೋ ತಿಳಿಯಲಿಲ್ಲ. “ಮನೇಲಿ ನನ್ನ ಮಾತು ಕೇಳೋರು ಬೇರೆ ಯಾರೂ ಇಲ್ಲ. ಸಂಜೆ ಆದ್ರೆ...”

ಅಷ್ಟರಲ್ಲಿ ಹೊಟ್ಟೆಯ ಮೇಲೆ ಉಗುರು ಚುಚ್ಚಿತು. ಎರಡು ತಾಸು ಮನುಷ್ಯನ ಮೈಯ ಬಿಸಿ ತಾಗಿದರೆ ಯಾವ ಓತಿ ತಾನೇ ಮಲಗಿರುತ್ತದೆ? ಮೇಯರನಿಗೆ ವಸಂತ ಬಂದಿತ್ತು. ಎದೆ ಹತ್ತಿ, ಕತ್ತು ಹತ್ತಿ, ಲೆಸ್‌ನ ಕಾಲರಿನಿಂದ ತಲೆ ಹೊರಗೆ ಹಾಕಿದ. ಕಣ್ಣು ಪಿಳಿಪಿಳಿ ಬಿಟ್ಟು ಇನ್ನೂರು ಜನರನ್ನು ನೋಡಿದ. ಆಮೇಲೆ ಮುಂಗಾಲು ಎತ್ತಿ ನಿಧಾನಕ್ಕೆ ಬೀಸಿದ.

ಇಬ್ಬರು ಹೆಂಗಸರು ಕಿರುಚಿದರು. ಡ್ಯಾರಿಲ್ ಮಂಡಿಯೂರಿದ. “ಬದುಕಿದ್ದಾನೆ! ಗುರೂ, ಬದುಕಿದ್ದಾನೆ!” ಕಾರುಗಳೆಲ್ಲ ಹಾರ್ನ್ ಹೊಡೆದವು. ಜನ ಅಪ್ಪಿಕೊಂಡರು, ಕುಣಿದರು. ಯಾರಿಗೂ ಸಿಟ್ಟಿಲ್ಲ ಎಂದು ಲೆಸ್ ಉಸಿರು ಬಿಡುವಷ್ಟರಲ್ಲಿ ಡಾಟ್ ಕೇಳಿದಳು:

“ಹಾಗಾದ್ರೆ ಪೆಟ್ಟಿಗೇಲಿ ಇರೋದೇನು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲೆಸ್‌ನ ಕೈ ತಾನಾಗಿ ಹೆಗಲಿಗೆ ಹೋಯಿತು. ಡ್ಯಾರಿಲ್ ಮೊಳೆ ಕಿತ್ತ. ಟವೆಲ್ಲು ಬಿಚ್ಚಿದ. ಎಲ್ಲರೂ ಬಗ್ಗಿ ನೋಡಿದರು.

“ಕುಂಬಳಕಾಯಿ,” ಅಂದಳು ಡಾಟ್ ಮೆಲ್ಲಗೆ. “ಮೇಯರ್ ಅಂದ್ಕೊಂಡು ಕುಂಬಳಕಾಯಿ ಸುತ್ತಿದ್ದಾನೆ. ಪಾಪ.”

“ಇಲ್ಲ ಡಾಟ್! ನನಗೆ ಗೊತ್ತಿತ್ತು. ಅವನು ಬದುಕಿರೋದು ಬೆಳಿಗ್ಗೆಯಿಂದ ಗೊತ್ತು. ಬೇಕಂತಲೇ ಇಟ್ಟೆ.”

“ಬೇಕಂತ ಕುಂಬಳಕಾಯೀನ ಮಣ್ಣು ಮಾಡಿಸ್ತಾರೇನೋ? ಯಾಕೆ?”

ಲೆಸ್ ಎಲ್ಲರ ಮುಖ ನೋಡಿದ. ಹೇಳದೆ ಗತ್ಯಂತರವಿರಲಿಲ್ಲ. “ನೀವೆಲ್ಲ ಬಂದ್ರಿ. ಕೂತ್ಕೊಂಡ್ರಿ. ನನಗೆ ಹಿತವಾಗಿತ್ತು. ನೀವು ಎದ್ದು ಹೋಗ್ಬಾರ್ದು ಅನ್ನಿಸ್ತು, ಅಷ್ಟೆ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಅವತ್ತು ಮುಚ್ಚುಮರೆಯಿಲ್ಲದೆ ಹೇಳಿದ ನಿಜ ಅದು, ಅದನ್ನೇ ಯಾರೂ ನಂಬಲಿಲ್ಲ. “ಆಯ್ತು ಲೆಸ್, ಆಯ್ತು,” ಎಂದಳು ಡಾಟ್, ಮೂರು ವರ್ಷದ ಮಗುವಿಗೆ ಹೇಳುವ ದನಿಯಲ್ಲಿ. ಕಾಲರಿನಿಂದ ಮೇಯರನನ್ನು ಮೆಲ್ಲಗೆ ಬಿಡಿಸಿ ತನ್ನ ಸ್ವೆಟರಿಗೆ ಒರಗಿಸಿಕೊಂಡಳು. “ಇವನು ಸದ್ಯಕ್ಕೆ ನಮ್ಮನೇಲಿರ್ಲಿ. ಜೀವ ಇದೆಯೋ ಇಲ್ವೋ ಗೊತ್ತಾಗ್ದೆ ಇರೋ ಕೈಲಿ ಮುದಿಪ್ರಾಣ ಬಿಡೋಕಾಗುತ್ತಾ?”

ಆಗಬಾರದೆಂದು ಊರೇ ತಲೆಯಾಡಿಸಿತು. ನಾನೂ ಆಡಿಸಿದೆ. ಅಷ್ಟರಲ್ಲಿ ಎರಡನೇ ಅರ್ಧದ ಸೈರನ್ ಕೂಗಿತು, ಎಲ್ಲರೂ ಆಟ ನೋಡಲು ಓಡಿದರು.

ಐದು ಗಂಟೆಗೆ ಲೆಸ್‌ನ ಬಾಗಿಲು ತಟ್ಟಿದ ಸದ್ದಾಯಿತು. ಅವನು ಓಡಿಹೋಗಿ ತೆಗೆದ. ಬೆಳಿಗ್ಗೆ ಪಾತ್ರೆ ತಂದಿದ್ದವಳು. “ಯಾರೂ ಸತ್ತಿಲ್ವಲ್ಲ, ಒಯ್ತೀನಿ. ರಾತ್ರಿ ಊಟಕ್ಕಾಯ್ತು,” ಎಂದು ಮಾಂಸದ ಸಮೇತ ಎತ್ತಿಕೊಂಡಳು. ಹೀಗೇ ಏಳು ಸಲ ಬಾಗಿಲು ಸದ್ದಾಯಿತು. ಒಬ್ಬರೂ ಕೂರಲಿಲ್ಲ. ಏಳು ಜನರೂ ಸೀದಾ ಬೇಲಿಯ ಗೇಟು ದಾಟಿ ಡಾಟಳ ಮನೆಗೆ ಹೋದರು. ಅಲ್ಲಿಂದ ನಗು ಕೇಳುತ್ತಿತ್ತು. ಲೆಸ್ ಪೇಪರ್ ಬಿಡಿಸಿದ, ಒಂದು ಸಾಲು ಗಟ್ಟಿಯಾಗಿ ಓದಿದ, ಮಡಿಸಿಟ್ಟ. ಕೋಟು ಹಾಕಿಕೊಂಡು ತಾನೂ ಹೋಗಿ ಡಾಟಳ ಬಾಗಿಲು ತಟ್ಟಿದ.

“ಶ್!” ಡಾಟ್ ಬೆರಳು ತುಟಿಗಿಟ್ಟಳು. “ಈಗ ತಾನೇ ಕಣ್ಣು ಮುಚ್ಚಿದ್ದಾನೆ. ನಿನ್ನ ದನಿ ಕೇಳಿದ್ರೆ ಪೆಟ್ಟಿಗೆ ನೆನಪಾಗಿ ಗಾಬರಿ ಬೀಳ್ತಾನೆ.”

“ಒಂದ್ಸಲ ನೋಡ್ಕೊಂಡು ಹೋಗ್ತೀನಿ ಡಾಟ್.”

“ಎಲ್ಲಾರೂ ಹಾಗೇ ಅಂತಾರೆ. ಮುದುಕ, ತಡ್ಕೋಬೇಕಲ್ಲ? ಅದಕ್ಕೇ ಸರದಿ ಮಾಡಿದ್ದೀನಿ.” ಗೋಡೆಗೆ ಅಂಟಿಸಿದ ಉದ್ದನೆಯ ಪಟ್ಟಿಯ ಮುಂದೆ ಅವಳು ಪೆನ್ಸಿಲ್ ಹಿಡಿದಳು. “ಲೆಸ್... ಮಟನ್ ಅಂಗಡಿ ಲೆಸ್ ಆಗ್ಲೇ ಬರೆಸಿದ್ದಾನೆ, ಗೊಂದಲ ಆಗುತ್ತೆ. ನಿನ್ನ ಮನೆತನದ ಹೆಸರೇನೋ?”

ಹತ್ತೊಂಬತ್ತು ವರ್ಷ ಒಂದೇ ಬೇಲಿಯ ಆಚೆ ಈಚೆ ಇದ್ದವರು.

“ಪಾಸ್ಕೋ,” ಅಂದ ಲೆಸ್.

ಡಾಟ್ ಬರೆದುಕೊಂಡಳು. “ಆಗಸ್ಟ್ ಹನ್ನೊಂದು, ಮಧ್ಯಾಹ್ನ ಮೂರಕ್ಕೆ. ಹತ್ತೇ ನಿಮಿಷ, ಆಯ್ತಾ? ಬರೋವಾಗ ತಿನ್ನೋಕೆ ಏನಾದ್ರೂ ಒಂದು ತಟ್ಟೆ ತಗೊಂಡ್ಬಾ. ಎಲ್ಲಾರೂ ತರ್ತಿದ್ದಾರೆ.”