ಉನ್ನತಾಧಿಕಾರಿಗಳನ್ನು ಹುಡುಕಿಕೊಡಲಾಗುವುದು

ಮಲ್ಲೇಶ್ವರಂನ ನಮ್ಮ ಮಹಡಿ ಆಫೀಸಿನ ಮೆಟ್ಟಿಲು ಹತ್ತಿ ಬರುವವರು ಒಂದಲ್ಲ ಒಂದು ತಪ್ಪು ಕಲ್ಪನೆಯನ್ನು ಜೊತೆಗೇ ಹೊತ್ತು ತರುತ್ತಾರೆ. ನನ್ನ ಕೆಲಸ ಬಹಳ ಸರಳ. ಕಂಪನಿಗಳಿಗೆ ಜನರಲ್ ಮ್ಯಾನೇಜರ್, ಸಿಇಒ ಬೇಕಾದಾಗ ಸರಿಯಾದವರನ್ನು ಹುಡುಕಿಕೊಡುವುದು. ಫೀಸು ಕೊಡುವುದು ಕಂಪನಿ, ಕೆಲಸಕ್ಕೆ ಸೇರುವವರಲ್ಲ. ಇದನ್ನು ಹೆತ್ತ ತಾಯಿಗೇ ನನ್ನಿಂದ ಅರ್ಥ ಮಾಡಿಸಲಾಗಿಲ್ಲ. ಅವರು ನೆಂಟರಿಗೆಲ್ಲ ಈಗಲೂ "ನನ್ನ ಮಗಳು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಲ್ಲಿದಾಳೆ" ಅನ್ನುತ್ತಾರೆ. ಇನ್ನು ಊರವರನ್ನು ದೂರಿ ಏನು ಬಂತು?

ನಿವೃತ್ತರಾದರೆ ನಡೆಯುತ್ತಾ?

ಬೋರ್ಡು ಕನ್ನಡದಲ್ಲೂ ಇರಲಿ ಎಂದು "ಉನ್ನತಾಧಿಕಾರಿಗಳನ್ನು ಹುಡುಕಿಕೊಡಲಾಗುವುದು" ಎಂದು ಬರೆಸಿದೆ. ಕೆಳಗೆ ಸಣ್ಣಕ್ಷರದಲ್ಲಿ, ಸರಿಹೋಗದಿದ್ದರೆ ಬದಲಿಗೆ ಬೇರೆಯವರನ್ನು ಕೊಡುವ ಗ್ಯಾರಂಟಿ. ಬಣ್ಣ ಒಣಗುವಷ್ಟರಲ್ಲಿ ಪಕ್ಕದ ಕ್ರಾಸಿನ ಹಿರಿಯರೊಬ್ಬರು ಬಂದು ಕೂತರು.

"ನನ್ನ ಸ್ನೇಹಿತನ್ನ ಹುಡುಕಿಕೊಡ್ಬೇಕಲ್ಲಮ್ಮ. ಶಟಲ್ ಡಬಲ್ಸ್‌ನಲ್ಲಿ ನನ್ನ ಪಾರ್ಟ್‌ನರ್. ಟ್ರಾನ್ಸ್‌ಫರ್ ಆಗಿ ಹೋದವನು, ಆಮೇಲೆ ಪತ್ತೆನೇ ಇಲ್ಲ."

"ಸರ್, ನಾವು ಆ ಥರದವರಲ್ಲ..."

"ಗೊತ್ತು, ಉನ್ನತಾಧಿಕಾರಿಗಳು ಮಾತ್ರ ಅಂತ ಬರ್ದಿದೀರ. ಅವನೂ ಉನ್ನತಾಧಿಕಾರಿನೇ ಆಗಿದ್ದ. ಈಗ ರಿಟೈರ್ ಆಗಿರ್ತಾನೆ, ನಡೆಯುತ್ತೆ ತಾನೆ?"

ನಗು ಬಂತು. ಆದರೆ ಅವರ ಕಣ್ಣು ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. ಸಿಇಒಗಳನ್ನು ಹುಡುಕುವವಳಿಗೆ ಇದೇನು ಕಷ್ಟ? ಆ ಸ್ನೇಹಿತರು ಕೆಲಸ ಮಾಡಿದ್ದ ಇಲಾಖೆಯ ಹಳಬರೊಬ್ಬರನ್ನು ಹಿಡಿದೆ, ಅವರಿಂದ ಇನ್ನೊಬ್ಬರು. ಸಂಜೆಯೊಳಗೆ ಆಸಾಮಿ ಸಿಕ್ಕರು. ಅಷ್ಟು ವರ್ಷದಿಂದ ಇದ್ದದ್ದು ಇಲ್ಲೇ, ಕುಮಾರ ಪಾರ್ಕಿನಲ್ಲಿ!

ಇಬ್ಬರನ್ನೂ ನಮ್ಮ ಆಫೀಸಿಗೇ ಕರೆಸಿದೆ. ಅಪ್ಪಿಕೊಂಡರು, ಕಣ್ಣೊರೆಸಿಕೊಂಡರು. ಆಮೇಲೆ ಯಾವುದೋ ಹಳೇ ಫೈನಲ್‌ನಲ್ಲಿ ಕೊನೆಯ ಶಾಟ್ ಯಾರು ಬಿಟ್ಟದ್ದು ಎಂಬ ಮಾತು ಬಂತು. ಕಾಫಿ ತಣ್ಣಗಾಯಿತು, ದನಿ ಬಿಸಿಯಾಯಿತು. ನಮ್ಮ ಹಿರಿಯರು ಕೆಂಪಗಾಗಿ ನನ್ನ ಕಡೆ ತಿರುಗಿದರು:

"ಏನಮ್ಮಾ, ಸರಿಹೋಗದಿದ್ರೆ ಬದಲಿಗೆ ಬೇರೆಯವರನ್ನ ಕೊಡ್ತೀರಂತಲ್ಲ, ಆ ಗ್ಯಾರಂಟಿ ಇವನಿಗೂ ಉಂಟಾ?"

ಓಟಿಪಿ ಹೇಳಲ್ಲ

ಒಳ್ಳೆಯ ಕೆಲಸಗಾರರು ಅರ್ಜಿ ಹಿಡಿದು ಬರುವುದಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು. ಬಸವನಗುಡಿಯ ಒಬ್ಬರು ಹೀಗೆ ಕಣ್ಣಿಗೆ ಬಿದ್ದರು. ಮುಳುಗುತ್ತಿದ್ದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದವರು. ಫೋನ್ ಮಾಡಿದೆ.

"ಸರ್, ನಿಮಗೊಂದು ಒಳ್ಳೆ ಅವಕಾಶ..."

"ಲೋನ್ ಬೇಡ."

ಮತ್ತೆ ಮಾಡಿದೆ. "ಓಟಿಪಿ ಹೇಳಲ್ಲ, ಏನ್ ಮಾಡ್ಕೊಳ್ತೀರೋ ಮಾಡ್ಕೊಳ್ಳಿ!"

ಕೊನೆಗೆ ಅವರ ಹಳೆಯ ಬಾಸ್ ಕೈಲಿ ಹೇಳಿಸಿದ ಮೇಲೆ ಗಾಂಧಿ ಬಜಾರಿನ ಹೋಟೆಲಿಗೆ ಬರಲು ಒಪ್ಪಿದರು. ಬಂದರು, ಜೊತೆಯಲ್ಲಿ ದಪ್ಪ ಮೀಸೆಯ ಒಬ್ಬರು. ಪೊಲೀಸ್ ಇಲಾಖೆಯಲ್ಲಿದ್ದ ಭಾಮೈದ! ಮಸಾಲೆ ದೋಸೆ ಮುಗಿಯುವತನಕ ಆತ ನನ್ನನ್ನು ವಿಚಾರಣೆ ಮಾಡಿದರು. ಆಫೀಸೆಲ್ಲಿ, ಕಂಪನಿ ಯಾವುದು, ಇವರ ಹತ್ತಿರ ದುಡ್ಡೇನಾದರೂ ಕೇಳುತ್ತೀರಾ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಇಡೀ ಕಾರ್ಖಾನೆಯ ಹೊಣೆ, ಕಾರು, ಸಂಬಳ ಎಲ್ಲ ಕೇಳಿದ ಮೇಲೂ ನಮ್ಮವರು "ಯೋಚ್ನೆ ಮಾಡ್ತೀನಿ" ಎಂದು ರಾಗ ಎಳೆದರು.

ಭಾಮೈದ ಲೋಟ ಕುಕ್ಕಿದರು. "ಭಾವ, ಒಪ್ಕೊಳ್ತೀರೋ, ಇಲ್ಲ ಒಳಗೆ ಹಾಕ್ಲೋ?"

ಮುಂದಿನ ತಿಂಗಳೇ ಸೇರಿದರು.

ಯಜಮಾನರಿಗೆ ಸಿಇಒ ಬೇಕು

ಚಾಮರಾಜಪೇಟೆಯಲ್ಲಿ ಒಂದು ಉಪ್ಪಿನಕಾಯಿ ಕಂಪನಿ. ಯಜಮಾನರು ಕಟ್ಟಿ ಬೆಳೆಸಿದ್ದು. ಆದರೆ ಈಚೆಗೆ ವ್ಯಾಪಾರ ಇಳಿಯುತ್ತಿತ್ತು. ತಂದ ಇಬ್ಬರು ಮ್ಯಾನೇಜರುಗಳೂ ಯಜಮಾನರ ಗದರಿಕೆಗೆ ಹೆದರಿ ಓಡಿಹೋಗಿದ್ದರು.

"ಮೇಡಂ, ನಿಮ್ಮ ಕಸುಬೇನು ಅಂತ ನಂಗೊತ್ತು. ಬೇರೆ ಕಂಪನಿಯವರನ್ನ ಎಗರಿಸ್ಕೊಂಡು ಬರೋದು. ಎಲ್ಲಿಂದಾದ್ರೂ ಎಗರಿಸಿ, ಆದ್ರೆ ನನಗೆ ಹೆದರದೆ ಇರೋರು ಬೇಕು."

ನಾನು ಮೊದಲು ಅವರ ಡೀಲರುಗಳ ಅಂಗಡಿ ಸುತ್ತಿದೆ. "ಮಾಲು ಕೆಟ್ರೆ, ಲಾರಿ ಬರದಿದ್ರೆ ಯಾರಿಗೆ ಫೋನ್ ಮಾಡ್ತೀರಿ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಸೊಸೆಯಮ್ಮಂಗೆ."

ಯಜಮಾನರ ಸೊಸೆ! ಆಕೆ ಎಂಬಿಎ ಓದಿದವರು. ಆದರೆ ಮಾವನ ಲೆಕ್ಕದಲ್ಲಿ "ಸುಮ್ನೆ ಬೇಜಾರು ಕಳಿಯೋಕೆ ಆಫೀಸಿಗೆ ಬರ್ತಾಳೆ." ಸಿಇಒ ಆಗುತ್ತೀರಾ ಎಂದು ಹೋಗಿ ಕೇಳಿದೆ. "ಮಾವ ಒಪ್ಪಲ್ಲ ಬಿಡಿ" ಎಂದು ನಕ್ಕರು, ಆ ನಗುವಿನಲ್ಲಿ ನೋವಿತ್ತು.

"ಹೆಸರು ಹೇಳದೇ ಒಪ್ಪಿಸೋಣ" ಅಂದೆ.

ನಮ್ಮಲ್ಲಿ ಅದು ಮಾಮೂಲು. ಮೊದಲು ಗುಣ, ಕೆಲಸ, ಅನುಭವ ಮಾತ್ರ ಹೇಳುತ್ತೇವೆ. ಯಜಮಾನರು ಕೇಳುತ್ತ ಕೇಳುತ್ತ ಕುರ್ಚಿಯ ತುದಿಗೆ ಬಂದರು. "ಇವ್ರೇ ಬೇಕು! ಇಂಥವರನ್ನ ಯಾವ ಕತ್ತೆ ಇಷ್ಟು ದಿನ ಮೂಲೆಯಲ್ಲಿ ಕೂರಿಸಿತ್ತು?"

"ಹೊರಗೇ ಕಾಯ್ತಿದಾರೆ, ಕರೀತೀನಿ" ಅಂದೆ. ಬಾಗಿಲು ತೆರೆಯಿತು, ಸೊಸೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು.

"ಈಗ ಬೇಡಮ್ಮ, ಇಂಟರ್‌ವ್ಯೂ ಇದೆ."

"ಅದಕ್ಕೇ ಬಂದಿದೀನಿ, ಮಾವ."

ಯಜಮಾನರು ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು, ಗೋಡೆಯ ಮೇಲಿನ ದೇವರ ಪಟ ನೋಡಿದರು. ಕೊನೆಗೆ ಅವರು ಗಂಟಲು ಸರಿಮಾಡಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ನನಗೆ ಹೆದರಲ್ವಾ?"

"ಮನೆಯಲ್ಲಿ ಹೆದರ್ತೀನಿ. ಇಲ್ಲಿ ಹೆದರಲ್ಲ."

"ಸೇರ್ಕೋ" ಅಂದರು.

ಸೊಸೆ ಕಂಪನಿಯನ್ನು ಗೆಲ್ಲಿಸಿಯೇಬಿಟ್ಟರು. ಕೈಬಿಟ್ಟುಹೋಗಿದ್ದ ಡೀಲರುಗಳು ವಾಪಸ್ಸಾದರು, ಹೊಸ ಮೆಷಿನ್ನು ಬಂತು. ಒಂದು ಬೆಳಗ್ಗೆ ಯಜಮಾನರ ಫೋನು. ಹೊಗಳುವುದಕ್ಕಿರಬೇಕು ಎಂದು ಖುಷಿಯಿಂದ ಎತ್ತಿದೆ.

"ಮೇಡಂ, ನೀವು ಕೊಟ್ಟ ಕ್ಯಾಂಡಿಡೇಟು ಪ್ರಚಂಡ. ಎಲ್ಲ ಚೆನ್ನಾಗಿ ನಡೀತಿದೆ." ಆಮೇಲೆ ದನಿ ತಗ್ಗಿಸಿದರು. "ನಿನ್ನೆ ನನ್ನನ್ನೇ ರಿಟೈರ್ ಮಾಡಿಬಿಟ್ಲು. ನೋಡಿ, ಅನುಭವ ಇದೆ, ಆರೋಗ್ಯ ಇದೆ... ಎಲ್ಲಾದ್ರೂ ಒಂದು ಕೆಲಸ ಇದ್ರೆ ಹೇಳ್ತೀರಾ?"