ಗೆದ್ದರೆ ಸೂತಕ

ನಮ್ಮ ಸೋದರಮಾವ ಸುರಪುರಕ್ಕೆಲ್ಲ ಹೆಸರಾದ ಪೈಲ್ವಾನರು. ಆದರೆ ಅವರು ಕುಸ್ತಿ ಗೆದ್ದರೆ ಮನೆಯಲ್ಲಿ ಸೂತಕ! ಗೆದ್ದು ಬಂದವರೇ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ಗೋಡೆಗೆ ಮುಖ ಮಾಡಿ ಕುಳಿತುಬಿಡುತ್ತಿದ್ದರು. ಮೂರು ದಿನ ಸರಿಯಾದ ಊಟವಿಲ್ಲ, ಮಾತಿಲ್ಲ. ಅಂಥದೊಂದು ಬೆಳಿಗ್ಗೆ ನೆರೆಮನೆಯಾಕೆ ಬಾಗಿಲಲ್ಲಿ ಇಣುಕಿ, "ಯಾರು ತೀರಿಕೊಂಡ್ರವ್ವಾ?" ಎಂದು ಗಾಬರಿಯಿಂದ ಕೇಳಿದಳು. ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದಳು: "ಯಾರೂ ಸತ್ತಿಲ್ಲವ್ವ. ನಮ್ಮನಿಯವ್ರು ಕುಸ್ತಿ ಗೆದ್ದಾರ."

ಅಪ್ಪ ಹೋದಮೇಲೆ ನಾನು ಆ ಮನೆಯಲ್ಲೇ ಬೆಳೆದವಳು. ಹಾಗಾಗಿ ಈ ಸೂತಕಗಳ ಪಾಲು ನನಗೂ ಬಂದಿದೆ.

ಮಾವ ಹುಟ್ಟುವಾಗಲೇ ಹೀಗಿರಲಿಲ್ಲ. ಪ್ರಾಯದಲ್ಲಿ ಗೆಲ್ಲುವುದೆಂದರೆ ಅವರಿಗೆ ತುಪ್ಪ ಹಚ್ಚಿದ ಸಜ್ಜೆ ರೊಟ್ಟಿಗಿಂತ ರುಚಿ. ಒಮ್ಮೆ ಕೆಂಭಾವಿಯ ಸಂತೆಯ ದಿನ ನಡೆದ ಕುಸ್ತಿಯಲ್ಲಿ ಶಹಾಪುರದ ಗಾಣದ ಮನೆಯ ಪೈಲ್ವಾನನನ್ನು ಎತ್ತಿ ಒಗೆದರು. ಬಿದ್ದ ರಭಸಕ್ಕೆ ಅವನ ಸೊಂಟದ ಎಲುಬು ಮುರಿಯಿತು. ಜನಕ್ಕೆ ಅದೆಲ್ಲಿ ಕಾಣಬೇಕು! ಮಾವನ ಕೈಗೆ ಬೆಳ್ಳಿ ಕಡಗ ತೊಡಿಸಿ, ಹೆಗಲ ಮೇಲೆ ಹೊತ್ತು ಕುಣಿದರು. ಆ ಎತ್ತರದಿಂದ ಮಾವ ತಿರುಗಿ ನೋಡಿದರೆ, ನಾಲ್ವರು ಕಂಬಳಿಯಲ್ಲಿ ಆ ಪೈಲ್ವಾನನನ್ನೂ ಹೊತ್ತು ನಡೆದಿದ್ದರು. "ಇಬ್ಬರನ್ನೂ ಹೊತ್ತರು ನೋಡವ್ವ," ಎಂದು ಮಾವ ನನಗೆ ಹೇಳುತ್ತಿದ್ದರು, "ನನ್ನೊಬ್ಬನ್ನೇ ಕಾಲಮ್ಯಾಲ ಇಳಿಸಿದ್ರು."

ಅಲ್ಲಿಂದ ಶುರುವಾಯಿತು ಅವರ ವೇದಾಂತ. ಎದುರಾಳಿ ಎದ್ದು ತನ್ನ ಮನೆ ಸೇರುವವರೆಗೆ ಕುಸ್ತಿ ಮುಗಿದಂತಲ್ಲ ಎಂಬುದು ಅದರ ಮೊದಲ ಸೂತ್ರ. ಕಣಕ್ಕಿಳಿದ ಮಾವ ತೊಡೆ ತಟ್ಟುವ ಬದಲು ಎದುರಾಳಿಯ ವಿಚಾರಣೆ ನಡೆಸುತ್ತಿದ್ದರು.

"ಮನ್ಯಾಗ ಉಣ್ಣಾವ್ರು ಎಷ್ಟ ಮಂದಿ? ಬಿತ್ತಿಗಿ ಮುಗದದೇನು?"

"ಇಲ್ರಿ, ಇನ್ನಾ ಜ್ವಾಳ ಬಿತ್ತೋದದ."

"ಹಂಗಾರ ನಡಿ. ಬಿತ್ತಿ ಬಾ."

ಕುಸ್ತಿಗೆ ಬಂದವನನ್ನು ಹೊಲಕ್ಕೆ ಕಳಿಸಿದ ಪೈಲ್ವಾನರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಗೆದ್ದರಂತೂ ಬಿದ್ದವನನ್ನು ಮನೆಯ ತನಕ ಬಿಟ್ಟು ಬರುತ್ತಿದ್ದರು. ಒಬ್ಬನ ಊರು ತಿಂಥಣಿ. ಅಷ್ಟು ದೂರ ಮಗನ ಬೆನ್ನಿಗೇ ನಡೆದು ಬಂದ ಈ ಆಜಾನುಬಾಹುವನ್ನು ಕಂಡು, ಇನ್ನೂ ಹೊಡೆಯಲು ಬಂದಿದ್ದಾನೆಂದು ಅವನ ತಾಯಿ ಒನಕೆ ಎತ್ತಿದಳಂತೆ!

ಎಲ್ಲರನ್ನೂ ಮನೆ ಮುಟ್ಟಿಸಿದ ಈ ಮನುಷ್ಯ ಶಹಾಪುರದ ಕಡೆಗೆ ಮಾತ್ರ ಕಾಲಿಡಲಿಲ್ಲ. ಆ ಊರಿನ ಎಣ್ಣೆ ಕೂಡ ನಮ್ಮ ಮನೆಗೆ ಬರುವಂತಿರಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಸಂತೆಯಲ್ಲಿ ಜೋರಾಗಿ ನಗಲೂ ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ. ಯಾದಗಿರಿಯಲ್ಲಿ ಪೊಲೀಸ್ ಅಮೀನರು ಅಲ್ಲಿನ ಪೈಲ್ವಾನನೊಬ್ಬನ ಎದುರು ಮಾವನನ್ನು ನಿಲ್ಲಿಸಿದರು. ಹೆಣ್ಣುಮಕ್ಕಳು ಕುಸ್ತಿ ನೋಡುವಂತಿರಲಿಲ್ಲ. ಆದರೆ ಸುರಪುರದವರು ಆ ಪ್ರಸಂಗವನ್ನು ಎಷ್ಟು ಸಲ ಆಡಿ ತೋರಿಸಿದರೆಂದರೆ, ಕಣದ ಮಣ್ಣು ನನ್ನ ಬೆನ್ನಿಗೇ ಹತ್ತಿದಂತಿದೆ! ಹೊತ್ತು ಇಳಿದರೂ ಇಬ್ಬರಲ್ಲಿ ಒಬ್ಬರೂ ಬೀಳಲಿಲ್ಲ. ಯಾರಾದರೊಬ್ಬರು ಬೀಳಲೇಬೇಕೆಂದು ಅಮೀನರ ಹುಕುಂ ಆಯಿತು. ಮಾವ ಎದುರಾಳಿಯ ಮುಖ ನೋಡಿದರು. ಹಿಡಿತ ಬಿಟ್ಟು, ತಾವೇ ಮಣ್ಣಿನಲ್ಲಿ ಅಂಗಾತ ಮಲಗಿಬಿಟ್ಟರು.

"ಬಿದ್ದೀನ್ರಿ ಸಾಹೇಬ್ರ. ನೋಡ್ಕೋರಿ, ಎರಡೂ ಭುಜ ಮಣ್ಣಿಗಿ ಹತ್ಯಾವ."

ಜನ ಹೊಟ್ಟೆ ಹಿಡಿದು ನಕ್ಕರು. ಗೆದ್ದವನು ನಗಲಿಲ್ಲ. ಹಾರ ಹಾಕಲು ಬಂದವರ ಕೈ ತಳ್ಳಿ, ಮಾವನೆದುರು ಬಂದು ನಿಂತ. "ನೀ ನನ್ನ ಎತ್ತಿ ಒಗದಿದ್ರ ಎದ್ದು ಮನಿಗಿ ಹೋಗ್ತಿದ್ದೆ. ಈಗ ಯಾವ ಮುಖ ಹೊತ್ತು ಹೋಗ್ಲಿ? ನನ್ನ ಮ್ಯಾಲ ದಯಾ ತೋರಸಾಕ ನೀ ಯಾರು?"

ಮಾವನ ವೇದಾಂತಕ್ಕೆ ಬಿದ್ದ ಪೆಟ್ಟು ಅದು. ಆ ಸಲ ಹದಿನೈದು ದಿನ ಗೋಡೆ ನೋಡಿದರು. ಗೆದ್ದರೂ ಸೂತಕ, ಸೋತರೂ ಸೂತಕ! ಕೊನೆಗೆ ಅತ್ತೆಯೇ ಬಂಡಿ ಕಟ್ಟಿಸಿದಳು.

"ಶಹಾಪುರಕ್ಕ ಹೋಗಿ ಬರ್ರಿ. ಅಲ್ಲೊಬ್ಬಾಂವ ಆರು ವರ್ಷದಿಂದ ಕುಂತಾನ. ಅವನ ಮುಖ ನೋಡೋತನ ನಿಮ್ಮ ಕುಸ್ತಿ ಮುಗಿಯಂಗಿಲ್ಲ."

ಮಾವ ಅರ್ಧ ದಾರಿಯಲ್ಲಿ ಇಳಿದು ಓಡದಂತೆ ನನ್ನನ್ನೂ ಬಂಡಿಯಲ್ಲಿ ಕೂರಿಸಿದಳು. ಪೈಲ್ವಾನರಿಗೆ ನಾನು ಕಾವಲು!

ಆತ ಗಾಣದ ಪಕ್ಕದ ಕಲ್ಲುಕಟ್ಟೆಯ ಮೇಲೆ ಕುಳಿತಿದ್ದ. ಒಂದು ಕಾಲು ಜೋಳದ ದಂಟಿನಂತೆ ಸೊರಗಿತ್ತು. ಪಕ್ಕದಲ್ಲಿ ಊರಿ ನಡೆಯುವ ಬಡಿಗೆ. ತೋಳುಗಳು ಮಾತ್ರ ಹಾಗೇ ದಪ್ಪಗಿದ್ದವು. ಮಾವ ತಲೆ ತಗ್ಗಿಸಿ ನಿಂತರು. ಆತನೇ ಮಾತಾಡಿದ.

"ಈಗ ಬಂದ್ಯಾ ಪೈಲ್ವಾನ? ನಿನ್ನ ಒಂದು ಮಾತು ಕೇಳಬೇಕಂತ ಇಷ್ಟ ವರ್ಷ ಕಾದೀನಿ. ನಮ್ಮೂರ ಮಂದಿ ನನ್ನ ಕಾಲು ಜಾರಿತ್ತಂತಾರ. ನೀ ಖರೇ ಹೇಳು. ನಾ ಜಾರಿ ಬಿದ್ದೆನೋ, ನೀ ಒಗದ್ಯೋ?"

ಕ್ಷಮೆ ಕೇಳಲು ಬಂದ ಮಾವ ತಲೆಯೆತ್ತಿದರು. "ನಾ ಒಗದೀನಿ. ಮೈಯಾಗಿನ ತಾಕತ್ತೆಲ್ಲ ಹಾಕಿ ಒಗದೀನಿ. ನೀ ಜಾರಿಲ್ಲ."

"ಕೇಳಿದ್ಯೇನ?" ಎಂದು ಆತ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ. ಅವನ ಮುಖ ಅರಳಿತ್ತು. ಆಮೇಲೆ ಮೊಣಕೈಯನ್ನು ಕಟ್ಟೆಯ ಮೇಲೆ ಊರಿ, ಮಾವನತ್ತ ಅಂಗೈ ಚಾಚಿದ. "ಕುಂತು ಹಿಡಿ. ಯಾದಗಿರಿ ಸುದ್ದಿ ನಾನೂ ಕೇಳೀನಿ. ಇಲ್ಲಿ ಹಂಗ ಬಿದ್ದಿಯಂದ್ರ ಬಡಿಗಿ ತಗೋತೀನಿ!"

ಮಾವ ಎದುರು ಕುಳಿತು ಕೈ ಕೊಟ್ಟರು. ಅಲ್ಲಿ ನಟನೆ ಇರಲಿಲ್ಲ. ಕುತ್ತಿಗೆಯ ನರ ಉಬ್ಬಿದ್ದನ್ನು, ಹಣೆಯ ಬೆವರು ಮೂಗಿನ ತುದಿಗೆ ಇಳಿದದ್ದನ್ನು ನಾನೇ ಕಂಡಿದ್ದೇನೆ. ಬಹಳ ಹೊತ್ತಿನ ಮೇಲೆ ಮಾವನ ಕೈ ಮೆಲ್ಲಗೆ ಬಾಗುತ್ತ ಬಾಗುತ್ತ ಕಲ್ಲಿಗೆ ತಾಗಿತು.

ಗೆದ್ದವನು ಆ ಕೈ ಬಿಡಲಿಲ್ಲ. ಮಾವನೂ ಬಿಡಿಸಿಕೊಳ್ಳಲಿಲ್ಲ.